ಹೆಸರು ಹೇಳದ ಹೆಂಡತಿ

೧೯೫೭ರ ಮಾರ್ಚ್ ೧೩, ಬುಧವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ರಾಜಾಜಿನಗರದ ಕಮಲಾಕ್ಷಮ್ಮ ಠಾಣೆಯ ಮೆಟ್ಟಿಲು ಹತ್ತಿದರು. ತೀರಿಕೊಂಡ ಹೆಡ್‌ಮಾಸ್ತರರ ಹೆಂಡತಿ. ಮನೆಯ ಹಿಂಭಾಗವನ್ನು ಮೊದಲ ಸಲ ಬಾಡಿಗೆಗೆ ಕೊಟ್ಟು ಎರಡು ತಿಂಗಳಾಗಿತ್ತು. ಬಾಡಿಗೆದಾರರ ಮೇಲೆ ದೂರು ತರುವವರನ್ನು ಇನ್‌ಸ್ಪೆಕ್ಟರ್ ದೊಡ್ಡಹನುಮಯ್ಯ ಬೇಕಾದಷ್ಟು ಕಂಡಿದ್ದರು. ಬಾಡಿಗೆದಾರಳ ಪರವಾಗಿ ಬಂದ ಮೊದಲ ಮಾಲೀಕರು ಇವರೇ.

"ನಮ್ಮ ಬಾಡಿಗೆ ಹುಡುಗಿ ಜಯದೇವಿಗೆ ಮೋಸ ಆಗ್ತಾ ಇದೆ. ಅವಳ ಗಂಡ ಇನ್ನೊಬ್ಬಳಿಗೂ ಗಂಡ ಆಗಿದಾನೆ."

"ನೀವೇ ಕಂಡ್ರಾ?"

"ಕಾಮಾಕ್ಷಿಪಾಳ್ಯದಲ್ಲಿ ನನ್ನ ತಮ್ಮನೂ ಮನೆ ಬಾಡಿಗೆಗೆ ಇಟ್ಟಿದಾನೆ. ಬರೋರನ್ನ ನೋಡಿ ಹೇಳು ಬಾ ಅಕ್ಕ ಅಂದ. ನಿನ್ನೆ ಅಡಿಗೆಮನೆ ಬಾಗಿಲ ಮರೇಲಿ ನಿಂತು ನೋಡ್ತೀನಿ, ಇವನೇ. ಪಕ್ಕದಲ್ಲಿ ಬೇರೆ ಹೆಂಗಸು. ಶುಕ್ರವಾರ ಹಾಲುಕ್ಕಿಸ್ತಾರಂತೆ."

"ನಿಮ್ಮ ಮನೆಗೆ ಬಂದಾಗ ವಿಚಾರಿಸಲಿಲ್ವಾ?"

ಈ ಮಾತು ಕಮಲಾಕ್ಷಮ್ಮನವರಿಗೆ ನಾಟಿತು.

"ವಿಚಾರಿಸದೆ ಕೊಡ್ತೀನಾ? ಊರು, ಗೋತ್ರ, ದಿನಕ್ಕೆ ಎಷ್ಟು ಕೊಡ ನೀರು, ಎಲ್ಲಾ ಕೇಳಿದೀನಿ. ಅವನು ರೈಲ್ವೆ ಗಾರ್ಡು, ಮನೇಲಿರೋದೇ ಅಪರೂಪ ಅಂದ. ಕೆಂಗೇರಿಯ ಹಳೇ ಮಾಲೀಕರ ಪತ್ರ ತಂದಿದ್ದ. ಕೊನೆಗೆ ಅವಳನ್ನ, ನಿಮ್ಮ ಯಜಮಾನರ ಹೆಸರೇನಮ್ಮ ಅಂದೆ. ತಲೆ ತಗ್ಗಿಸಿದ್ಳು, ಬಾಯಿ ಬಿಡ್ಲಿಲ್ಲ. ಗಂಡನ ಹೆಸರು ಹೇಳದ ಹುಡುಗಿ, ಒಳ್ಳೆ ಮನೆಯವಳು ಅಂತ ಆಗಲೇ ಬೀಗದಕೈ ಕೊಟ್ಟೆ."

ದೊಡ್ಡಹನುಮಯ್ಯ ಮೀಸೆ ಸವರಿಕೊಂಡರು. ಸೋಗು ಹಾಕಿ ವಂಚಿಸಿದ ಅಪರಾಧ, ೪೧೯ನೇ ಕಲಮಿನಡಿ ಎಫ್‌ಐಆರ್ ಬರೆಯಲು ಕಾನ್‌ಸ್ಟೇಬಲ್ ಬೈರಪ್ಪನಿಗೆ ಹೇಳಿದರು. ಕಮಲಾಕ್ಷಮ್ಮ ತಂದಿದ್ದ ಪತ್ರ ಮತ್ತು ಬಾಡಿಗೆ ಕರಾರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಒಂದೇ ಕೈಬರಹ. ಬೈರಪ್ಪ ಸೈಕಲ್ ತುಳಿದು ಕೆಂಗೇರಿಗೆ ಹೋಗಿ ಬಂದ. ಪತ್ರದಲ್ಲಿದ್ದ ಮಾಲೀಕರೂ ಇಲ್ಲ, ಮನೆಯೂ ಇಲ್ಲ.

ಸಂಜೆ ನಾಲ್ಕಕ್ಕೆ ಜಯದೇವಿ ಬಂದಳು. ವಯಸ್ಸು ಇಪ್ಪತ್ತೆಂಟು, ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಇನ್‌ಸ್ಪೆಕ್ಟರ್ ಅವಳ ಮುಂದೆ ಒಂದು ಚೀಟಿ, ಪೆನ್ಸಿಲು ಇಟ್ಟರು.

"ನಿಮ್ಮ ಯಜಮಾನರ ಹೆಸರು. ಬಾಯಲ್ಲಿ ಹೇಳೋದು ಬೇಡ, ಬರೀರಿ."

ಅವಳು ತುಂಬ ಹೊತ್ತು ಯೋಚಿಸಿ 'ರಘುನಾಥ' ಎಂದು ಬರೆದಳು. ಕರಾರಿನಲ್ಲಿ ಇದ್ದದ್ದು ನರಹರಿ.

"ಒಂದೇ ಸಲ ಕೇಳಿದ್ದು ಸಾರ್. ಮರೆತುಹೋಯ್ತು. ಎರಡು ತಿಂಗಳಿಂದ ಬೀದಿಯವರು ಯಾರೂ ಅವರ ಹೆಸರು ನನ್ನನ್ನ ಕೇಳೇ ಇಲ್ಲ."

"ಮದುವೆ?"

"ಆಗಿಲ್ಲ. ಹನ್ನೊಂದು ಮನೆ ನೋಡಿದೆ. ಒಂಟಿ ಹೆಣ್ಣು, ಮೇಲೆ ನೈಟ್ ಡ್ಯೂಟಿ. ಬಾಗಿಲಲ್ಲೇ ಕಳಿಸಿದ್ರು. ಜೊತೆಯವಳೊಬ್ಬಳು, ಗಂಡನಾಗಿ ನಿಲ್ಲೋ ಇವರ ವಿಷಯ ಹೇಳಿದ್ಳು. ಮನೆ ನೋಡೋಕೆ ಬರ್ತಾರೆ, ಹಾಲುಕ್ಕಿಸೋ ದಿನ ಬರ್ತಾರೆ, ಆಮೇಲೆ ಆ ಕಡೆ ತಲೆ ಹಾಕಲ್ಲ."

"ಅವನಿಗೇನು ಲಾಭ?"

"ಬಸ್ ಚಾರ್ಜು. ಹಾಲುಕ್ಕಿಸಿದ ದಿನ ಒಂದು ಊಟ. ಅಷ್ಟೇ ಕೇಳಿದ್ದು." ಅವಳು ಪೆನ್ಸಿಲನ್ನು ಚೀಟಿಯ ಮೇಲೆ ಇಟ್ಟಳು. "ಮನೆ ಬಿಡಿಸ್ಬೇಡಿ ಸಾರ್. ಇನ್ನೊಂದು ಸಿಗಲ್ಲ."

ಅದು ಇನ್‌ಸ್ಪೆಕ್ಟರರ ಕೈಯಲ್ಲಿರಲಿಲ್ಲ. ಅವರು ಬೈರಪ್ಪನಿಗೆ ಕಾಫಿ ತರಲು ಹೇಳಿದರು.

ಶುಕ್ರವಾರ ಮಧ್ಯಾಹ್ನ ಹನ್ನೆರಡು ಹತ್ತಕ್ಕೆ ಇನ್‌ಸ್ಪೆಕ್ಟರೂ ಬೈರಪ್ಪನೂ ಮಫ್ತಿಯಲ್ಲಿ ಕಾಮಾಕ್ಷಿಪಾಳ್ಯ ತಲುಪಿದಾಗ ಹಾಲುಕ್ಕಿಸಿ ಆಗಿತ್ತು. ಹೊಸ ಮನೆಯ ನಡುವೆ ಎಲೆಯ ಮುಂದೆ ಆ ಮನುಷ್ಯ ಕೂತಿದ್ದ. ಬೈರಪ್ಪ ಮುನ್ನುಗ್ಗಿದ. ದೊಡ್ಡಹನುಮಯ್ಯ ಅವನ ತೋಳು ಹಿಡಿದರು.

"ಊಟ ಮುಗೀಲಿ ಕಣಯ್ಯಾ."

ಆ ಮನುಷ್ಯ ಪಾಯಸವನ್ನು ಎರಡು ಸಲ ಹಾಕಿಸಿಕೊಂಡು, ನಿಧಾನವಾಗಿ ಉಂಡು, ಕೈತೊಳೆದ. ಹನ್ನೆರಡು ನಲವತ್ತಕ್ಕೆ ದಸ್ತಗಿರಿ ಆಯಿತು. ಓಡಲಿಲ್ಲ. ಪಂಚರ ಎದುರು ಅವನು ಜೊತೆಗೆ ತಂದಿದ್ದ ಟ್ರಂಕು ತೆರೆದು ಪಂಚನಾಮೆ ಬರೆದರು: ನಾಟಕದ ಗಾರ್ಡ್ ಕೋಟು ಒಂದು, ಸೀಟಿ ಒಂದು, ಎಲ್ಲೂ ಇಲ್ಲದ ಮಾಲೀಕರು ಬರೆದ ಪತ್ರಗಳು ಮೂರು.

ಠಾಣೆಯಲ್ಲಿ ಹೇಳಿದ ಹೆಸರು ಚನ್ನಕೇಶವ, ವಯಸ್ಸು ನಲವತ್ತೊಂದು. ನಾಟಕ ಕಂಪನಿ ಮುಚ್ಚಿದ ಮೇಲೆ ಎರಡು ವರ್ಷದಿಂದ ನಾಯಂಡಹಳ್ಳಿಯ ಒಂದು ಗೋಡೌನ್ ಜಗಲಿಯೇ ವಾಸ.

"ಅಷ್ಟು ಜನಕ್ಕೆ ಮನೆ ಕೊಡಿಸ್ದೆ. ನೀನೊಂದು ಮಾಡ್ಕೋಬಾರದಿತ್ತಾ?"

"ಮೊದಲು ನನಗೇ ಹುಡುಕಿದ್ದು ಸಾರ್. ಬ್ರಹ್ಮಚಾರಿ, ಅದೂ ನಾಟಕದವನು. ಯಾರು ಕೊಡ್ತಾರೆ?"

"ಮತ್ತೆ ಆ ಊಟ ಯಾಕೆ?"

ಚನ್ನಕೇಶವ ತನ್ನ ಕೈಗಳನ್ನೇ ನೋಡಿಕೊಂಡ. "ಹೊಸ ಮನೇಲಿ ಮೊದಲ ಎಲೆ ಯಜಮಾನನಿಗೆ ಹಾಕ್ತಾರೆ. ಜಗಲಿ ಮೇಲೆ ಕೂತ್ರೆ ಯಾರಾದ್ರೂ ಏಳು ಅಂತಾರೆ. ಎಲೆ ಮುಂದೆ ಯಾರೂ ಏಳು ಅನ್ನಲ್ಲ ಸಾರ್."

ದೊಡ್ಡಹನುಮಯ್ಯನವರಿಗೆ ಸಂಕಟವಾಯಿತು. ಆದರೂ ಹೇಳಿಕೆಯನ್ನು ಅಕ್ಷರ ಬಿಡದೆ ಬರೆದುಕೊಂಡು ಸಹಿ ಹಾಕಿಸಿದರು.

ಎದುರಿನ ಬೆಂಚಿನ ಮೇಲೆ ಗುರುತು ಹಿಡಿಯಲು ಬಂದ ಕಮಲಾಕ್ಷಮ್ಮ ಕೂತಿದ್ದರು. ಜಯದೇವಿಗೆ ಮದುವೆಯೇ ಆಗಿಲ್ಲವೆಂದು ತಿಳಿದು ಎರಡು ದಿನದಿಂದ ಅವಳ ಜೊತೆ ಮಾತು ಬಿಟ್ಟಿದ್ದರು. ಅವಳು ಆಗಲೇ ಹಾಸಿಗೆ ಸುತ್ತಿಟ್ಟು, ಸಾಕ್ಷಿ ಹೇಳಲು ಬಂದು ಬಾಗಿಲ ಬಳಿ ನಿಂತಿದ್ದಳು.

"ನಮ್ಮ ಮನೇಲೂ ಎರಡು ಸಲ ಹಾಕಿಸ್ಕೊಂಡ," ಎಂದರು ಕಮಲಾಕ್ಷಮ್ಮ, ಯಾರಿಗೆ ಎನ್ನದೆ. "ನಾನೇ ಬಡಿಸಿದ್ದು." ಆಮೇಲೆ ಇನ್‌ಸ್ಪೆಕ್ಟರರನ್ನು ಕೇಳಿದರು, "ಆ ಕರಾರು ನಿಮಗೆ ಬೇಕಾ?"

"ಕೋರ್ಟಿಗೆ ಬೇಕಮ್ಮ."

"ಹಾಗಾದ್ರೆ ನಮಗೆ ಹೊಸದು ಬರೆಸ್ಬೇಕು." ಅವರು ಎದ್ದು ಜಯದೇವಿಯ ಕಡೆ ತಿರುಗಿದರು. "ನಡಿ. ಈ ಸಲ ಹೆಸರು ಕೇಳಿದ್ರೆ ತಲೆ ತಗ್ಗಿಸಿ ನಿಲ್ಲೋ ಹಾಗಿಲ್ಲ."

"ಯಾರ ಹೆಸರು ಅಮ್ಮಾ?"

"ನಿಂದೇ ಕಣೇ."