ಪಿಳ್ಳಮ್ಮನ ಹುಳಿಜೀವಿಗಳು

ಹತ್ತಿ ಸುತ್ತಿದ ಕಡ್ಡಿ ಗಾಜಿನ ಬಟ್ಟಲನ್ನು ಮುಟ್ಟಿದ ಕೂಡಲೇ ಜೀವದರ್ಪಣವೆಂಬ ಯಂತ್ರ ಬೆಳಗಿತು. ಬಟ್ಟಲೊಳಗಿನ ಸೂಕ್ಷ್ಮಜೀವಿಗಳೆಲ್ಲ ಎದುರಿನ ಗೋಡೆಯ ಮೇಲೆ ಆಳೆತ್ತರಕ್ಕೆ ಕಾಣಿಸಿದವು. ಒತ್ತೊತ್ತಾಗಿ ಕುಳಿತ ಅವು ದೊಡ್ಡದೊಂದು ನಗರದಂತಿದ್ದವು. ಅದರ ಮೇಲೆ ಮಿರುಗುವ ಅಂಟುಪೊರೆ.

"ಇಷ್ಟೆಲ್ಲಾ ನನ್ನೊಳಗೈತಾ, ಡಾಕ್ಟ್ರಮ್ಮ?" ಮುನಿಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅವಳು ರೇಷ್ಮೆ ನೂಲು ತೆಗೆಯುವ ಕಾರ್ಖಾನೆಯ ಕೆಲಸಗಾರ್ತಿ, ಐದು ತಿಂಗಳ ಬಸುರಿ. ಯೋನಿಯ ಸೋಂಕು ವರ್ಷಗಳಿಂದ ಮರಳಿ ಮರಳಿ ಬರುತ್ತಿತ್ತು. ಹಿಂದೆ ಎರಡು ಕೂಸುಗಳು ದಿನ ತುಂಬದೆ ಹುಟ್ಟಿ ಉಳಿದಿರಲಿಲ್ಲ. ಈ ಸೋಂಕಿನಿಂದಲೇ ಹಾಗಾಗಿರಬಹುದೆಂದು ಡಾ. ಶಶಿರೇಖಾ ಶಂಕಿಸಿದ್ದರು.

ಅವರು ಬಟ್ಟಲಿಗೆ ಒಂದೊಂದೇ ಔಷಧದ ಹನಿ ಬಿಟ್ಟರು. ಗೋಡೆಯ ಮೇಲಿನ ನಗರ ಕದಲಲಿಲ್ಲ.

"ಈ ರೋಗಾಣುಗಳು ಔಷಧಕ್ಕೆ ಬಗ್ಗುವುದನ್ನೇ ಬಿಟ್ಟಿವೆ ಕಣಮ್ಮ. ನಿನ್ನೊಳಗೆ ಹುಳಿಜೀವಿಗಳು ಅಂತ ಕಾವಲಿನವು ಇರಬೇಕಿತ್ತು. ಅವು ಹುಳಿ ಸುರಿಸಿ ರೋಗಾಣುಗಳನ್ನು ದೂರ ಇಡುತ್ತವೆ. ನೀನು ನುಂಗಿದ ಮಾತ್ರೆಗಳು ಅವನ್ನೇ ಕೊಂದಿವೆ."

"ಹೆಪ್ಪು ಕೆಟ್ರೆ ಪಕ್ಕದ್ಮನೇಲಿ ಈಸ್ಕೊಂಬರಲ್ವಾ? ಹಂಗೇನೂ ಆಗಾಕಿಲ್ವಾ?"

ವೈದ್ಯೆ ನಕ್ಕರು. "ಆಗುತ್ತೆ. ಮೊಸರಿನವು ಇಲ್ಲಿ ನಿಲ್ಲುವುದಿಲ್ಲ, ಅಷ್ಟೇ. ಇನ್ನೊಬ್ಬ ಹೆಣ್ಣಿನವೇ ಬೇಕು."

ಕೊಡಲು ಕಾರ್ಖಾನೆಯ ಹೆಂಗಸರು ಗುಂಪಾಗಿ ಬಂದರು. ಬಂದವರ ಪೈಕಿ ಒಬ್ಬರಲ್ಲೂ ಹುಳಿಜೀವಿಗಳಿರಲಿಲ್ಲ. ಎಲ್ಲರಲ್ಲೂ ಅದೇ ನಗರ, ಅದೇ ಪೊರೆ. ವಿಚಾರಿಸಿದಾಗ ಕಾರಣ ತಿಳಿಯಿತು. ಯಾರಿಗೇ ನೋವು ಬರಲಿ, ಜ್ವರ ಬರಲಿ, ಪಕ್ಕದವಳು ತಾನು ಉಳಿಸಿಕೊಂಡ ಮಾತ್ರೆಗಳನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಡುತ್ತಿದ್ದಳು: "ನಂಗೆ ಕಮ್ಮಿ ಆಯ್ತು, ನೀನ್ ತಗೊಳೇ." ಅರೆಬರೆ ಪೆಟ್ಟು ತಿಂದ ರೋಗಾಣುಗಳು ಔಷಧವನ್ನೇ ಎದುರಿಸಲು ಕಲಿತಿದ್ದವು. ಇಷ್ಟು ಅಕ್ಕರೆಯನ್ನು ತಪ್ಪೆಂದು ಹೇಳಲು ಶಶಿರೇಖಾರಿಗೆ ನಾಲಿಗೆ ಏಳಲಿಲ್ಲ.

"ನೀವು ಮಾತ್ರೆ ಕೊಡದವರು ಯಾರಾದರೂ ಇದ್ದಾರಾ?"

ಹೆಂಗಸರು ಮುಖ ಮುಖ ನೋಡಿಕೊಂಡರು. "ಪಿಳ್ಳಮ್ಮ. ಅವಳ ಬಾಯಿಗೆ ಹೆದ್ರಿ ಯಾರೂ ಮಾತಾಡ್ಸಾಕಿಲ್ಲ."

ಮುನಿಲಕ್ಷ್ಮಿಯೇ ಹೋದಳು. ರೇಷ್ಮೆಗೂಡು ಬೇಯಿಸುತ್ತಿದ್ದ ಪಿಳ್ಳಮ್ಮ ತಿರುಗಿಯೂ ನೋಡಲಿಲ್ಲ. "ಓಹೋ! ಒಂದ್ ಲೋಟ ಟೀಗೂ ಕರೀದೋರಿಗೆ ಈಗೇನಮ್ಮ ನನ್ನ ನೆಪ್ಪು?"

ಮುನಿಲಕ್ಷ್ಮಿ ಎಲ್ಲವನ್ನೂ ಹೇಳಿದಳು, ಹೋದ ಎರಡು ಕೂಸುಗಳ ಸುದ್ದಿಯನ್ನೂ. ಪಿಳ್ಳಮ್ಮ ಒಲೆಯ ಉರಿ ತಗ್ಗಿಸಿ ಕೈ ಒರೆಸಿಕೊಂಡಳು. "ನಿಂತ್ಕೊಂಡು ಏನ್ ನೋಡ್ತೀಯ? ನಡಿ."

ಪಿಳ್ಳಮ್ಮನ ಮಾದರಿಗೆ ಗೋಡೆ ಬೆಳಗಿತು. ನಗರವಿರಲಿಲ್ಲ. ಗಾಳಿಗೆ ಮಲಗಿದ ಪೈರಿನಂತೆ ನೀಳವಾದ ಹುಳಿಜೀವಿಗಳು, ಕಣ್ಣು ಹಾಯುವವರೆಗೂ.

"ಇವು ನನ್ನೋವಾ?" ಪಿಳ್ಳಮ್ಮನ ದನಿ ಇಳಿದಿತ್ತು.

ಅವಳಿಗೆ ಬೇರೆ ಯಾವ ರೋಗವೂ ಇಲ್ಲವೆಂದು ವೈದ್ಯೆ ಪರೀಕ್ಷಿಸಿ, ಹುಳಿಜೀವಿಗಳನ್ನಷ್ಟೇ ಬೇರ್ಪಡಿಸಿ ಬೆಳೆಸಿ ಮುನಿಲಕ್ಷ್ಮಿಗೆ ಕೊಟ್ಟರು. ಕೆಲವು ವಾರಗಳಲ್ಲಿ ಗೋಡೆಯ ಮೇಲೆ ಅವಳ ಮಾದರಿಯ ಅಂಟುಪೊರೆ ಅಂಚಿನಿಂದ ಕರಗತೊಡಗಿತು. ನಗರದ ಬೀದಿಬೀದಿಯಲ್ಲೂ ಪೈರು ಎದ್ದಿತು.

ದಿನ ತುಂಬಿ ಹೆಣ್ಣು ಹುಟ್ಟಿತು. ವೈದ್ಯೆ ಮಗುವಿನ ಮಾದರಿಯನ್ನೂ ದರ್ಪಣಕ್ಕೆ ಒಡ್ಡಿದರು. ಗೋಡೆಯ ಮೂಲೆಯಲ್ಲಿ ನೀಳವಾದ ನಾಲ್ಕಾರು ಜೀವಿಗಳು ಕಾಣಿಸಿದವು.

"ಹುಟ್ಟುವಾಗ ತಾಯಿಯಿಂದ ಬಂದಿವೆ," ಎಂದರು ಶಶಿರೇಖಾ, ತಾವೂ ಬೆರಗಾಗಿ. "ತಾಯಿಗೆ ನಿಮ್ಮಿಂದ, ಪಿಳ್ಳಮ್ಮ."

ಮುನಿಲಕ್ಷ್ಮಿ ಮಂಚದಲ್ಲಿ ಸರಿದು ಜಾಗ ಕೊಟ್ಟಳು. ಕೂಸನ್ನು ಪಿಳ್ಳಮ್ಮನ ಮಡಿಲಿಗೆ ಹಾಕಿದಳು. "ಹೆಸ್ರು ನೀನೇ ಇಡಕ್ಕ."

ಪಿಳ್ಳಮ್ಮ ಕೂಸಿನ ಹಣೆಯ ಕೂದಲನ್ನು ಬೆರಳಿನಿಂದ ಸರಿಸಿದಳು.

"ಏನಾದ್ರೂ ಇಡಾನ ಕಣೇ," ಎಂದಳು, ಮೂಗೊರೆಸಿಕೊಂಡು. "ಪಿಳ್ಳಮ್ಮ ಅಂತ ಒಂದು ಬ್ಯಾಡ."