ಸೋಮಯ್ಯ ಕಟ್ಟದ ಕೈ

"ಇದನ್ನ ನಾನು ಕಟ್ಟಕಿಲ್ಲ."

ಸೋಮಯ್ಯ ಅವಳ ಮಣಿಕಟ್ಟು ಹಿಡಿದಿದ್ದು ಒಂದೇ ಗಳಿಗೆ. ಥಟ್ಟನೆ ಬಿಟ್ಟುಬಿಟ್ಟ.

ಗುರುಪುರದ ಸುತ್ತ ಯಾರ ಮೂಳೆ ಮುರಿದರೂ ಬಿದಿರು ದಬ್ಬೆ ಇಟ್ಟು ಕಟ್ಟುವವನು ಅವನೇ. ಕುರಿಯ ಕಾಲನ್ನೂ ಬಿಟ್ಟವನಲ್ಲ. ಅರವತ್ತನಾಲ್ಕರ ಚಿಕ್ಕಸಿದ್ದಮ್ಮ ಬಚ್ಚಲಲ್ಲಿ ಜಾರಿ, ಬಲಗೈ ಊರಿ ಬಿದ್ದು, ಮಗಳು ಸಂಘಮಿತ್ರಳ ಜೊತೆ ಅವನ ಜಗಲಿಗೆ ಬಂದಿದ್ದಳು.

"ಹುಣಸೂರಿಗೆ ಕರ್ಕಂಡೋಗವ್ವ. ಆಪರೇಷನ್ನೇ ಆಗ್ಬೇಕು," ಎಂದ, ಮಗಳ ಕಡೆ ತಿರುಗಿ.

ನನ್ನ ಮುಖ ನೋಡಿ ಹೇಳೋಕೂ ಆಗಲ್ವಾ… ಚಿಕ್ಕಸಿದ್ದಮ್ಮನಿಗೆ ಚುಚ್ಚಿತು.

ಹೋದ ತಿಂಗಳು ಹೊಗೆಸೊಪ್ಪನ್ನು ಒಣಗಿಸಲು ಕಡ್ಡಿಗೆ ಕಟ್ಟುವಾಗ ಹೆಂಗಸರು ನಕ್ಕಿದ್ದರು. "ಸೋಮಯ್ಯಂಗೆ ನಿನ್ ಮನೆ ಮುಂದ್ಲು ದಾರಿ ಬುಟ್ರೆ ಬೇರೆ ದಾರಿ ಇಲ್ವೇನೆ?" ಗಂಡ ಸತ್ತು ಹನ್ನೆರಡು ವರ್ಷ, ಆ ಮಾತಿಗೆ ಅವಳು ಒಳಗೊಳಗೇ ಹಿಗ್ಗಿದ್ದಳು. ಅವನ ಕಿವಿಗೂ ಬಿದ್ದಿರಬೇಕು. ನಾಚಿಕೆಯಾಗಿರಬೇಕು.

ಊರೆಲ್ಲರ ಕೈ ಮುಟ್ಟುವವನಿಗೆ ನನ್ನ ಕೈ ಮಾತ್ರ ಬೇಡ.

ಹುಣಸೂರಿನ ಡಾಕ್ಟರು ಎಕ್ಸ್‌ರೇ ತೋರಿಸಿದರು. ಮೂಳೆ ಸವೆದು ಟೊಳ್ಳಾಗಿತ್ತು, ಕೀಲಿನೊಳಕ್ಕೇ ಮುರಿದಿತ್ತು. ಈ ವಯಸ್ಸಿಗೆ ಎಷ್ಟೋ ಸಲ ಬರೀ ಸಿಮೆಂಟ್ ಪಟ್ಟಿ ಸಾಕು, ಇದಕ್ಕೆ ಸಾಲದು ಎಂದು ಪ್ಲೇಟು, ಸ್ಕ್ರೂ ಹಾಕಿದರು. "ಬೆರಳು ದಿನಾ ಆಡಿಸ್ಬೇಕಮ್ಮ. ಇಲ್ದಿದ್ರೆ ಕೈ ಬಿಗಿದು ಹೋಗುತ್ತೆ."

ಆಡಿಸುವ ಮನಸ್ಸೇ ಅವಳಿಗಿರಲಿಲ್ಲ. ಮಗಳು ಗೋಗರೆದರೂ ಗೋಡೆ ಕಡೆ ತಿರುಗಿ ಮಲಗಿದಳು.

ಮೂರನೇ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಸೋಮಯ್ಯ ನಿಂತಿದ್ದ. ಸಂಘಮಿತ್ರ ಕಾಫಿಯ ನೆವ ಹೇಳಿ ಎದ್ದುಹೋದಳು.

"ಯಾಕ್ ಬಂದ್ರಿ? ಜನ ನೋಡಾರು."

"ನೋಡ್ಲಿ ಬುಡು. ಬಸ್ಸಲ್ಲಿ ಎಲ್ರಿಗೂ ಹೇಳ್ಕಂಡೇ ಬಂದೆ."

"ಅವತ್ತು ಜನಕ್ಕೆ ಹೆದರ್ಕಂಡು ಕೈ ಬುಟ್ರಲ್ಲ…"

ಅವನು ಸ್ಟೂಲಿನ ಮೇಲೆ ಕುಸಿದು ಕೂತ.

"ಜನಕ್ಕಾ? ಬೆರಳು ಇಡ್ತಿದ್ದಂಗೇ ಮೂಳೆ ಹಪ್ಪಳದಂಗೆ ಮುರುಮುರು ಅಂತು ಕಣಮ್ಮಿ. ಬೇರೆಯೋರ್ಗಾಗಿದ್ರೆ ಕಟ್ಟಿ ನೋಡ್ತಿದ್ನೇನೋ. ನಿನ್ ಕೈ ಸೊಟ್ಟ ಆದ್ರೆ ಅಂತ ದಬ್ಬೆ ಮುಟ್ಟಕ್ಕೇ ಧೈರ್ಯ ಬರ್ನಿಲ್ಲ. ಅವತ್ತಿಂದ ಯಾರ್ಗೂ ಕಟ್ಟಿಲ್ಲ."

"ನಂಗೇ ಹೇಳ್ಬೋದಿತ್ತು."

"ನಿನ್ ಮುಖ ನೋಡಿದ್ರೆ ಅತ್ತುಬುಡ್ತಿದ್ದೆ."

ಅವಳು ಊದಿದ ಬೆರಳುಗಳನ್ನು ಮಡಿಸಿದಳು. ನೋವು ಭುಜದವರೆಗೂ ಏರಿತು. ಬೆರಳು ಅಂಗೈ ಮುಟ್ಟಲಿಲ್ಲ. ಇನ್ನೊಮ್ಮೆ ಮಡಿಸಿದಳು.

"ಈ ಕೈ ಮೊದ್ಲಿನಂಗೆ ಆಗ್ದೇ ಹೋದ್ರೆ?"

"ಮುದ್ದೆ ನಾನು ತಿರುವ್ತೀನಿ. ಗಂಟಾದ್ರೆ ನೀನು ಬೈಯಿ."

"ನಾಳೆನೂ ಬತ್ತೀಯಾ?"

"ಇವತ್ತು ಹೋದ್ರೆ ತಾನೆ ನಾಳೆ ಬರದು?"