ಕಂಪ್ಲಿಯಲ್ಲಿ ನಿದ್ದೆಗೆಟ್ಟ ಪೆಟ್ಟಿಗೆ

"ಬ್ಯಾಟರಿ ನೀವ ತಗದು ತಗದು ಹಾಕ್ತೀರಿ, ಹೌದಲ್ರೀ?"

ಹೊಸಪೇಟೆಯ ಮೊದಲ ಬಸ್ಸಿನಿಂದ ಇಳಿದು ನೇರ ಗಿರಣಿಗೆ ಬಂದ ಎಂಜಿನಿಯರ್ ಸುಮಂಗಲಾ ನಮಸ್ಕಾರವನ್ನೂ ಹೇಳದೆ ಕೇಳಿದಳು. ಕಂಪ್ಲಿಯ ಆ ಅಕ್ಕಿ ಗಿರಣಿಯ ಯಜಮಾನ ಹಾಲೇಶ್, ಚಹಾದ ಲೋಟ ಎಲ್ಲಿಡಬೇಕೆಂದು ತಿಳಿಯದೆ ನಿಂತ.

"ನಾನಾ? ಇಲ್ರೀ ಮೇಡಂ!"

"ಮತ್ತ ದಿನಾ ಮುಂಜಾನಿ ಪೆಟ್ಟಿಗಿ ಹತ್ರ ಏನ್ ಕೆಲಸ? ಮೂಕಣ್ಣ ಫೋನಿನ್ಯಾಗ ಎಲ್ಲಾ ಹೇಳ್ಯಾನ."

ಹಮಾಲಿ ಮೂಕಣ್ಣ ಹೆಸರಿಗಷ್ಟೇ ಮೂಕ. ಅವನು ಚೀಲಗಳ ಹಿಂದೆ ಮರೆಯಾದ.

ಪೆಟ್ಟಿಗೆ ಸುಮಂಗಲಾ ಕೈಯಾರೆ ಮಾಡಿದ್ದು. ಅದು ಭತ್ತದ ಚೀಲಗಳ ನಡುವೆ ಕೂತು, ತಾಸಿಗೊಮ್ಮೆ ಎದ್ದು ತೇವ ಅಳೆದು ಮತ್ತೆ ಮಲಗಬೇಕು. ಸರಿಯಾಗಿ ಮಲಗಿದರೆ ಒಂದು ಬ್ಯಾಟರಿ ಎರಡು ವರ್ಷ. ಹೊಸಪೇಟೆಯಲ್ಲಿ ಅವಳ ಮೇಜಿನ ಮೇಲೆ ಅದು ಹಬ್ಬದೂಟ ಉಂಡ ಅಳಿಯನ ಹಾಗೆ ಮಲಗುತ್ತಿತ್ತು. ಇಲ್ಲಿ ಮಾತ್ರ ಹದಿನೈದೇ ದಿನಕ್ಕೆ ಬ್ಯಾಟರಿ ಖಾಲಿ! ಮೂರು ಸಲ ಬಂದು ವಿದ್ಯುತ್ ಅಳೆಯುವ ಮೀಟರ್ ಹಿಡಿದಿದ್ದಳು. ಮೂರು ಸಲವೂ ಪೆಟ್ಟಿಗೆ ಶಿಸ್ತಾಗಿ ನಿದ್ದೆ ಹೋಗಿತ್ತು.

ಇವತ್ತೂ ದೋಷ ಸಿಗದಿದ್ದರೆ ಪೆಟ್ಟಿಗೆಯನ್ನೇ ಕೈಬಿಡುತ್ತೇವೆಂದು ಅವಳ ಕಂಪನಿ ಹೇಳಿತ್ತು. ಎರಡು ವರ್ಷದ ದುಡಿಮೆ...

'ನನ್ನನ್ನು ಕರೆಸಿಕೊಳ್ಳೋಕೆ ಈ ಹಾಲೇಶ್ ಅವರೇ ಹೀಗೆ ಮಾಡ್ತಿದ್ದರೆ?' ಎಂದುಕೊಂಡಾಗ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಸಿಹಿಯಾದದ್ದು ಇನ್ನೇನೋ ಇತ್ತು. ಅದಕ್ಕೇ ಸಿಟ್ಟು ಇಮ್ಮಡಿಯಾಯಿತು.

ಬಂದೊಡನೆ ಪೆಟ್ಟಿಗೆಯ ಮೇಲಿನ ಬಿಳಿ ಪುಡಿಯನ್ನು ಗಿರಣಿಯ ಧೂಳೆಂದು ಒರೆಸಿ, ಆಮೇಲೆ ಕೆಲಸಕ್ಕೆ ಕೂರುವುದು ಅವಳ ಅಭ್ಯಾಸ. ಇವತ್ತು ಸಿಟ್ಟಿನ ಭರದಲ್ಲಿ ಒರೆಸುವುದನ್ನು ಮರೆತು ಮೀಟರಿನ ತಂತಿ ಸಿಕ್ಕಿಸಿದಳು.

ಅಂಕಿ ಸಾವಿರಪಟ್ಟು ಏರಿ ಅಲ್ಲೇ ನಿಂತಿತು.

ಪೆಟ್ಟಿಗೆ ಎಚ್ಚರವಾಗಿದೆ!

ಬಗ್ಗಿ ನೋಡಿದಳು. ಬೆರಳಿಟ್ಟರೆ ಎದ್ದು ತೇವದ ಅಂಕಿ ತೋರಿಸಲೆಂದು ಅವಳೇ ಮುಂಭಾಗದಲ್ಲಿ ಎರಡು ಲೋಹದ ಗುಂಡಿ ಇಟ್ಟಿದ್ದಳು. ಅವುಗಳ ಮೇಲೆ ಹಾದುಹೋಗಿದ್ದವು ಮೂರು ಗೆರೆ ವಿಭೂತಿ, ಇನ್ನೂ ಹಸಿ. ಪೆಟ್ಟಿಗೆ ಅದನ್ನೇ ಬೆರಳೆಂದು ತಿಳಿದು ದಿನವಿಡೀ ಎದ್ದು ಕೂರುತ್ತಿತ್ತು. ಮೂರು ಸಲವೂ ಸಾಕ್ಷಿ ಒರೆಸಿ ಹಾಕಿದವಳು ತಾನೇ!

"ವಿಭೂತಿ ಯಾರ್ ಹಚ್ಚಿದ್ರಿ?"

"ಎಲ್ಲಾ ಮಷೀನಿಗೂ ಅವ್ವ ಹಚ್ತಾಳ್ರಿ. ಇದಕ್ಕ ಮಾತ್ರ... ನಾನು."

"ಯಾಕ?"

ಹಾಲೇಶ್ ನೆಲ ನೋಡಿದ. "ಇಷ್ಟ ಸಣ್ಣ ಪೆಟ್ಟಿಗ್ಯಾಗ ಅಷ್ಟ ಬುದ್ಧಿ ತುಂಬಿದ ಕೈಗೆ ಕೈ ಮುಗೀಬೇಕು ಅನ್ನಿಸ್ತಿತ್ರಿ. ನಿಮ್ಮ ಮುಂದ ಮುಗಿಯಾಕ ಧೈರ್ಯ ಸಾಲಲಿಲ್ಲ."

ಸುಮಂಗಲಾ ಮೀಟರನ್ನು ಚೀಲದ ಮೇಲಿಟ್ಟಳು. 'ಇಂಥವರ ಮೇಲೆ ಅನುಮಾನ ಪಟ್ಟೆನಲ್ಲ...'

"ತಪ್ಪಾತ್ರೀ, ನಾಳಿಂದ ಹಚ್ಚಂಗಿಲ್ಲ."

"ಹಚ್ರಿ! ಕಲೀಬೇಕಾದ್ದು ನನ್ನ ಪೆಟ್ಟಿಗಿ."

ಅಲ್ಲೇ ಚೀಲದ ಮೇಲೆ ಲ್ಯಾಪ್‌ಟಾಪ್ ತೆರೆದಳು. ಬೆರಳು ಎಷ್ಟು ಹೊತ್ತು ಇದ್ದರೂ ಒಮ್ಮೆ ಎದ್ದು ಅಂಕಿ ತೋರಿಸು, ಆಮೇಲೆ ಮಲಗು ಎಂದು ಪ್ರೋಗ್ರಾಮ್ ತಿದ್ದಿದಳು. ಅವಳ ಬೆರಳುಗಳ ಓಟವನ್ನು ಹಾಲೇಶ್ ಚಹಾ ಮರೆತು ನೋಡಿದ. ಕೊನೆಗೆ ವಿಭೂತಿ ಹಾಗೇ ಇದ್ದರೂ ಮೀಟರಿನ ಅಂಕಿ ಪಾತಾಳಕ್ಕಿಳಿಯಿತು. ಅರ್ಧ ತಾಸು ಕಾದರು. ಪೆಟ್ಟಿಗೆ ಏಳಲಿಲ್ಲ.

"ಭಾಳ ಮಸ್ತ್ ರೀ!" ಎಂದವನ ಮುಖ ಮರುಕ್ಷಣವೇ ಬಾಡಿತು. "ಹಂಗಾದ್ರ ಇನ್ನ ಎರಡು ವರ್ಷ ನೀವು ಬರಂಗಿಲ್ಲ..."

"ರಿಪೇರಿಗೆ ಬರಂಗಿಲ್ಲ." ಅವಳು ತಂತಿ ಸುತ್ತುತ್ತ ಮೆಲ್ಲಗೆ ಕೇಳಿದಳು, "ಸುಮ್ನ ಬಂದ್ರ ನಡೀತದೇನ್ರಿ? ನಮ್ಮನ್ಯಾಗ ವಿಭೂತಿ ಇಲ್ಲ, ಬುದ್ಧನ ಫೋಟೊ ಅದ. ನಿಮ್ಮ ಅವ್ವಗ ಗೊತ್ತಾದ್ರ...?"

"ನಿಮ್ಮನ್ನ ಇಷ್ಟಪಟ್ಟೀನಿ ಅಂತ ಹೋದ ವಾರನ ಹೇಳೀನ್ರಿ. ಬುದ್ಧನ ವಿಷಯ ಮೂಕಣ್ಣ ಹೇಳಿದ್ದ, ಅದನ್ನೂ ಹೇಳೀನಿ."

ಅವಳ ಕೈ ನಿಂತಿತು. "ಏನಂದ್ರು?"

"ಒಲಿ ಮುಂದ ಹೋಗಿ ಕುಂತ್ಲು. ಆಮ್ಯಾಲ ಬೈದ್ಲು."

"ಬೈದ್ರಾ...?"

"'ಮೂರು ಸಲ ಬಂದ ಹುಡುಗೀನ ಮೂರು ಸಲಾನೂ ಉಪವಾಸ ಕಳಿಸೀಯಲ್ಲೋ' ಅಂತ."

ಸುಮಂಗಲಾ ನಕ್ಕಳು. ಕಣ್ಣು ಮಾತ್ರ ತುಂಬಿ ಬಂತು.

"ನಡೀರಿ ಮತ್ತ," ಎಂದಳು, "ಹಸಿವಿ ಆಗ್ಯದ."